ಬೇವಿನ ನೆರಳಿಗೆ ಬಂದ ಸರ್ಕಾರ

ಬಳ್ಳಾರಿ ಇನ್ನೂ ಮದರಾಸಿಗೆ ಸೇರಿದ್ದ ಕಾಲ ಅದು. ಆಗಿನ ಬೇಸಿಗೆಗಳನ್ನು ನಾವು ಅರ್ಧ ಕಣ್ಣು ಮುಚ್ಚಿಕೊಂಡೇ ಕಳೆದೆವು ಅನ್ನಿಸುತ್ತದೆ. ಬಂಡೆಗುಡ್ಡಗಳ ಮೇಲೆ ಗಾಳಿ ನೀರಿನ ಹಾಗೆ ನಡುಗುತ್ತಿತ್ತು. ದೂರದಲ್ಲಿ ಬರುವವರ ಕಾಲು ಕಾಣುತ್ತಿರಲಿಲ್ಲ, ತೇಲಿಕೊಂಡು ಬಂದ ಹಾಗೆ ಬರುತ್ತಿದ್ದರು. ಆ ಸೀಮೆಯಲ್ಲಿ ಬೆಳೆದವರಿಗೆ ಇದನ್ನು ಹೇಳಬೇಕಾಗಿಲ್ಲ.

ಕಾನ್ವೆಂಟಿಗೆ ರಜೆ ಬಿಟ್ಟಿತ್ತು. ಅಮ್ಮ ಬಾಣಂತನಕ್ಕೆ ತವರೂರು ರೂಪನಗುಡಿಗೆ ಹೋಗಿದ್ದಳು. ಅಪ್ಪನಿಗೆ ಕಂದಾಯದ ಕಚೇರಿಯಲ್ಲಿ ಸಣ್ಣ ಕೆಲಸ. ಮಳೆ ಮೇಲಿಂದ ಮೇಲೆ ಕೈಕೊಟ್ಟು, ಸರ್ಕಾರ ಅಲ್ಲಲ್ಲಿ ಗಂಜಿಕೇಂದ್ರ ತೆರೆದಾಗ ಕುರುಗೋಡಿನದನ್ನು ನೋಡಿಕೊಳ್ಳಲು ಅಪ್ಪನನ್ನು ಕಳಿಸಿದರು. ನಾನು ಹಟ ಹಿಡಿದು ಬೆನ್ನು ಹತ್ತಿದೆ. ಊರವರು ಅಪ್ಪನಿಗೆ ಮೊದಲ ವಾರವೇ ‘ಗಂಜಿಸಾಬ್ರು’ ಎಂದು ಹೆಸರಿಟ್ಟರು. ಅವರಿಗೆ ಸಿಟ್ಟು ಬರಲಿಲ್ಲ, ಮೀಸೆಯೊಳಗೆ ನಕ್ಕರು.

ಚಾವಡಿಯ ಮುಂದಿನ ಬಯಲಲ್ಲಿ ಮೂರು ಕಲ್ಲಿನ ಒಲೆ, ಅದರ ಮೇಲೆ ನಾನು ಒಳಗಿಳಿದು ಕೂರಬಹುದಾದಷ್ಟು ದೊಡ್ಡ ಹಂಡೆ. ಜೋಳದ ನುಚ್ಚು ಕುದಿಯುವಾಗ ಬರುವ ಆ ಬೆಚ್ಚನೆಯ, ಸ್ವಲ್ಪ ಹುಳಿಯಾದ ವಾಸನೆಗೆ ಈಗಲೂ ನನ್ನ ಕಣ್ಣು ಮುಚ್ಚುತ್ತದೆ. ಜೊತೆಗೆ ಉಪ್ಪು, ಜಜ್ಜಿದ ಉಳ್ಳಾಗಡ್ಡಿ. ಕಾನ್ವೆಂಟಿನಲ್ಲಿ ಸಿಸ್ಟರು ಸದ್ದು ಮಾಡದೆ ಉಣ್ಣಲು ಕಲಿಸಿದ್ದರು. ಇಲ್ಲಿ ಅಷ್ಟು ಜನ ಒಟ್ಟಿಗೆ ಗಂಜಿ ಸುರ್ರೆಂದು ಕುಡಿಯುವ ಸದ್ದು ಕಣ್ಣು ಮುಚ್ಚಿ ಕೇಳಿದರೆ ಮಳೆಯ ಹಾಗಿತ್ತು. ನಾನು ಮಳೆಯೆಂದೇ ಕೇಳುತ್ತಿದ್ದೆ.

ಬಯಲಿನ ಸುತ್ತ ಗೂಟ ನೆಟ್ಟು ಹಗ್ಗ ಕಟ್ಟಿದ್ದರು. ಉಣ್ಣುವವರು ಹಗ್ಗದೊಳಗೆ ಕೂತೇ ಉಣ್ಣಬೇಕು, ಒಂದು ಸೌಟೂ ಹೊರಗೆ ಒಯ್ಯುವಂತಿಲ್ಲ. ಮೇಲಿನಿಂದ ಬಂದ ಕಟ್ಟಳೆ. ಅಡುಗೆಯ ಈರಮ್ಮ ಅದನ್ನು ದಿನವೂ ಸೌಟು ಬಡಿದು ಸಾರುತ್ತಿದ್ದಳು. “ಹೊಟ್ಟ್ಯಾಗ ಎಷ್ಟಾರ ಒಯ್ಯಿರಿ, ಕೈಯಾಗ ಒಯ್ಯಂಗಿಲ್ಲ!”

ಹಗ್ಗದಿಂದ ಹತ್ತು ಮಾರು ಆಚೆ ಪಂಪಮ್ಮಜ್ಜಿಯ ಮನೆ. ಮುಂದೆ ಅಗಲವಾದ ಕಟ್ಟೆ, ಅದರ ಮೇಲೆ ದೊಡ್ಡ ಬೇವು. ಬಸವಣ್ಣನ ಗುಡಿಗೆ ನಡೆದು ಬರುವವರೆಲ್ಲ ಒಂದು ಕಾಲಕ್ಕೆ ಆ ಕಟ್ಟೆಯ ಮೇಲೆ ಕೂತು ಅವಳ ಕೈಯ ರೊಟ್ಟಿ, ಮಜ್ಜಿಗೆ ಉಂಡು ಹೋಗುತ್ತಿದ್ದರಂತೆ. ಈಗ ಗಂಡನಿಲ್ಲ, ಮಕ್ಕಳಾಗಿರಲಿಲ್ಲ, ಹೊಲದಲ್ಲಿ ಹುಲ್ಲೂ ಇಲ್ಲ. ಆದರೂ ದಾರಿಯಲ್ಲಿ ಹೋಗುವವರನ್ನೆಲ್ಲ “ಉಂಡ್ರೇನ?” ಎಂದು ಕೇಳುತ್ತಿದ್ದಳು. ನಾನು ಬೇವಿನ ಹಣ್ಣು ಆರಿಸುತ್ತ, ಗಜ್ಜುಗ ಆಡುತ್ತ ಮಧ್ಯಾಹ್ನಗಳನ್ನು ಅಲ್ಲೇ ಕಳೆಯುತ್ತಿದ್ದೆ.

ದಿನವೂ ಹೊತ್ತು ನೆತ್ತಿಗೆ ಬರುವಾಗ ಅವಳ ಬೆಳಕಿಂಡಿಯಿಂದ ತೆಳುವಾಗಿ ಹೊಗೆ ಏಳುತ್ತಿತ್ತು. ಚೆಂದದ ಹೊಗೆ, ನೀಲಿ ಎಳೆಯ ಹಾಗೆ. ಒಂದು ದಿನ ಆಟ ನಿಲ್ಲಿಸಿ ಮೂಗೆತ್ತಿ ನೋಡಿದೆ. ಆ ಹೊಗೆಯಲ್ಲಿ ರೊಟ್ಟಿಯ ವಾಸನೆ ಇರಲಿಲ್ಲ, ಬೇಳೆಯದೂ ಇರಲಿಲ್ಲ. ಹತ್ತಿಕಟ್ಟಿಗೆಯ ವಾಸನೆ ಮಾತ್ರ. ಒಳಗೆ ಇಣುಕಿದರೆ ಅಜ್ಜಿ ಒಲೆಯ ಮುಂದೆ ಕೂತಿದ್ದಳು. ಗಡಿಗೆಯಲ್ಲಿ ಬರೀ ನೀರು ಕುದಿಯುತ್ತಿತ್ತು.

“ಏನ್ ಮಾಡಾಕತ್ತಿಯಜ್ಜಿ?”

“ಅಡಿಗಿ,” ಎಂದಳು ಅಜ್ಜಿ, ತಿರುಗಿ ನೋಡದೆ.

ನಾನು ಹೋಗಿ ಈರಮ್ಮನಿಗೆ ಹೇಳಿದೆ. ಅವಳ ಕೈಯ ಸೌಟು ನಿಂತಿತು. “ಗೊತ್ತೈತಿ ನನ್ನವ್ವ. ಓಣಿಯೋರಿಗೆ ಕಾಣ್ಲಿ ಅಂತ ಒಲಿ ಹಚ್ತಾಳ. ಕರದು ಕರದು ನನ್ನ ಗಂಟ್ಲ ಹರಿದೈತಿ. ಬರಂಗಿಲ್ಲ ಮುದುಕಿ.”

ಅಂದು ಸಂಜೆ ಅಪ್ಪ ತಾವೇ ಹೋಗಿ ಕರೆದರು. ಅಜ್ಜಿ ನಕ್ಕಳು. “ಸಾಬ್ರ, ಈ ಕೈ ನೋಡ್ರಿ. ಇದು ಇಕ್ಕಿದ ಕೈ. ಈಗ ಹಗ್ಗದಾಗ ಕುಂತು ದನದಂಗ ಬಾಯಿ ತೆಗೀಲೇನ?”

“ಸರ್ಕಾರದ್ದಮ್ಮ, ಯಾರ ಹಂಗೂ ಅಲ್ಲ,” ಎಂದರು ಅಪ್ಪ.

“ಸರ್ಕಾರ ನಮ್ಮನಿಗೆ ಯಾವಾಗ ಬಂದಿತ್ತ್ರಿ, ನಾ ಅದರ ಮನಿಗೆ ಹೋಗಾಕ?”

ಗಂಜಿ ಒಯ್ದು ಕೊಡಲು ಕಟ್ಟಳೆ ಬಿಡುತ್ತಿರಲಿಲ್ಲ. ನಮ್ಮ ಪಾಲಿನ ಅಕ್ಕಿಯನ್ನು ನನ್ನ ಕೈಲಿ ಕಳಿಸಿದರೆ ಅಜ್ಜಿ ಅದನ್ನು ನನ್ನ ಲಂಗದಲ್ಲೇ ಕಟ್ಟಿ ವಾಪಸು ಕಳಿಸಿದಳು. ಅವಳ ನೀರಿನ ಕೊಡ ದಿನದಿಂದ ದಿನಕ್ಕೆ ಕಡಿಮೆ ತುಂಬಿಕೊಂಡು ಬರುತ್ತಿತ್ತು, ಎತ್ತಲು ಆಗದೆ. ಮುಂದೊಂದು ಮಧ್ಯಾಹ್ನ ಆ ನೀಲಿ ಎಳೆಯೂ ಏಳಲಿಲ್ಲ. ಅಜ್ಜಿ ಬಾಗಿಲಿಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿದರೂ ‘ಉಂಡ್ಯಾ’ ಎನ್ನಲಿಲ್ಲ. ನನಗೆ ಭಯವಾಯಿತು. ಅಪ್ಪನ ಅಂಗಿ ಹಿಡಿದು ಎಳೆದುಕೊಂಡು ಬಂದೆ.

ಅಪ್ಪ ಕಟ್ಟೆಯ ಕೆಳಗೆ ಕೈಕಟ್ಟಿ ನಿಂತರು. ಈ ಸಲ ಉಣ್ಣಲು ಕರೆಯಲಿಲ್ಲ.

“ಅಮ್ಮ, ಒಂದು ಉಪಕಾರ ಕೇಳಾಕ ಬಂದೀನಿ. ಬಯಲಾಗ ಬಿಸಿಲು ಕಾದು ಕೂಸುಗಳ ತಲಿ ಸುಡಾಕತ್ತಾವ. ಸರ್ಕಾರಕ್ಕ ನಿಮ್ಮ ಬೇವಿನ ನೆಳ್ಳು ಕೊಡ್ತೀರೇನ್ರಿ?”

ಅಜ್ಜಿ ಬಾಗಿಲು ಹಿಡಿದು ತಲೆ ಎತ್ತಿದಳು. “ನೆಳ್ಳು ಕೇಳಿದೋರಿಗೆ ಇಲ್ಲ ಅಂತಾರೇನ್ರಿ?” ಎಂದಳು. ದನಿ ಎಲ್ಲೋ ಬಾವಿಯೊಳಗಿನಿಂದ ಬಂದ ಹಾಗಿತ್ತು.

ಅಪ್ಪ ಆಗಲೇ ಗೂಟ ಕಿತ್ತು ಹಗ್ಗವನ್ನು ಬೇವಿನ ಸುತ್ತ, ಕಟ್ಟೆಯ ಸುತ್ತ, ಅಜ್ಜಿಯ ಹೊಸ್ತಿಲನ್ನೂ ಒಳಗೆ ಮಾಡಿಕೊಂಡು ಕಟ್ಟಿಸಿದರು. “ಮ್ಯಾಲಿನೋರು ಕೇಳಿದ್ರ?” ಎಂದಳು ಈರಮ್ಮ. “ಹಗ್ಗ ಎಲ್ಲಿಗಂಟ ಹೋಗಬೇಕು ಅಂತ ಯಾರೂ ಹೇಳಿಲ್ಲ,” ಎಂದರು ಅಪ್ಪ.

ಹಂಡೆಯನ್ನು ಕಟ್ಟೆಯ ಹತ್ತಿರ ತಂದಿಟ್ಟರು. ಜನ ಬಂದು ನೆರಳಲ್ಲಿ ಸಾಲಾಗಿ ಕೂತರು. ಅವರ ಬೆನ್ನ ಮೇಲೆ ಎಲೆಗಳ ನೆರಳು ಮೀನಿನ ಹಾಗೆ ಈಜಾಡುತ್ತಿತ್ತು. ಅಜ್ಜಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. “ಲೇ ಈರಿ, ಆ ಕೂಸಿಗೆ ಗಟ್ಟಿ ಬರೂ ಹಂಗ ಹಾಕ. ತಿಳಿ ಹಾಕಿ ಕೈ ತೊಳಕಬ್ಯಾಡ!”

“ಆತು ತಾಯಿ, ನಿನ್ನ ಮನಿ, ನಿನ್ನ ದರ್ಬಾರ!”

“ಯಪ್ಪಾ, ನಿನಗ ಸಾಕಾತೇನ? ನಾಚಿಗಿ ಮಾಡಬ್ಯಾಡ, ಉಣ್ಣ.”

ಎಲ್ಲರದೂ ಮುಗಿಯಿತು. ಈರಮ್ಮ ಹಂಡೆಯನ್ನು ಓರೆ ಮಾಡಿ, “ಬಂದೋರ್ದೆಲ್ಲ ಆತಜ್ಜಿ. ಮನಿಯೋರ್ದೊಂದು ಉಳದೈತಿ,” ಎಂದಳು.

ಅಜ್ಜಿಯ ಕಣ್ಣು ಸಾಲಿನ ಮೇಲೆಲ್ಲ ಹರಿದು ಅಪ್ಪನ ಮೇಲೆ ನಿಂತಿತು. “ಸಾಬ್ರು ಉಂಡಿಲ್ಲ. ಅವರುಣ್ಣದ ನಾ ಹೆಂಗ ಉಣ್ಲಿ?”

ಕೇಂದ್ರದ ಗಂಜಿಯನ್ನು ಅಪ್ಪ ಅದುವರೆಗೆ ಮುಟ್ಟಿರಲಿಲ್ಲ, ಅದು ಬಡವರ ಪಾಲು ಎಂದು. ಈಗ ಚಪ್ಪಲಿ ಬಿಟ್ಟು ಸಾಲಿನ ಕೊನೆಗೆ ಚಕ್ಕಳಮಕ್ಕಳ ಹಾಕಿ ಕೂತರು. ಅಜ್ಜಿ ಗೋಡೆ ಹಿಡಿದು ಎದ್ದು ಬಂದಳು. ಈರಮ್ಮನ ಕೈಯಿಂದ ಸೌಟು ತೆಗೆದುಕೊಂಡು ಎರಡೂ ಕೈಯಲ್ಲಿ ಹಿಡಿದು ಅಪ್ಪನಿಗೆ ತಾನೇ ಬಡಿಸಿದಳು. ಅವರು ಉಂಡು ಮುಗಿಸುವವರೆಗೆ ನಿಂತೇ ಇದ್ದಳು. ಆಮೇಲೆ ಒಳಗಿಂದ ತನ್ನ ಕಂಚಿನ ಗಂಗಾಳ ತಂದು, ಸೆರಗಿನಿಂದ ಒರೆಸಿ, ಅಪ್ಪನ ಪಕ್ಕದಲ್ಲೇ ಕೂತು ಉಂಡಳು. ನಿಧಾನವಾಗಿ, ನಮ್ಮ ಸಿಸ್ಟರು ಮೆಚ್ಚುವ ಹಾಗೆ, ಸದ್ದಿಲ್ಲದೆ.

ಮಳೆ ಬಂದು ಕೇಂದ್ರ ಮುಚ್ಚುವವರೆಗೂ ದಿನವೂ ಹಾಗೇ ನಡೆಯಿತು. ಅವಳು ಬದುಕಿಕೊಂಡಳು.

ಈಗ ನನ್ನ ಮನೆಗೆಲಸಕ್ಕೆ ಬರುವ ಹೆಂಗಸಿಗೆ ಸರ್ಕಾರದ ಅಕ್ಕಿ ಬರುತ್ತದೆ, ಅವಳ ಅತ್ತೆಗೆ ತಿಂಗಳ ವೃದ್ಧಾಪ್ಯ ವೇತನ ಬರುತ್ತದೆ. ಬರಲಿ, ಇನ್ನೂ ಬರಲಿ. ಹಸಿವಿನ ಆ ದಿನಗಳು ಯಾರಿಗೂ ಬೇಡ. ಆದರೆ ಆ ಅತ್ತೆಗೆ ಹಣ ಯಾರು ಕಳಿಸುತ್ತಾರೆಂದು ಗೊತ್ತಿಲ್ಲ, ಕಳಿಸುವವರಿಗೆ ಅವಳ ಮುಖ ಗೊತ್ತಿಲ್ಲ. ಕೊಡಲು ಬಂದವನು ಪಡೆಯುವವಳ ಕೈಯಿಂದ ಮೊದಲು ತಾನು ಉಂಡದ್ದನ್ನು ನಾನು ಆ ಬೇಸಿಗೆಯಲ್ಲಿ ನೋಡಿದೆ. ಮತ್ತೆಲ್ಲೂ ನೋಡಲಿಲ್ಲ.