ಸಾಣಿ ತಾತನ ಮೂಗು

ಸಾಣಿ ತಾತನ ಮೂಗು ಎಷ್ಟು ಉದ್ದ ಇತ್ತಂದ್ರ, ಅವ ಮಾನವ್ಯಾಗ ಬಸ್ ಹತ್ತೂದ್ರಾಗ ಮೂಗು ದೇವದುರ್ಗದಾಗ ಇಳಿದು ಚಹಾ ಕುಡೀತಿತ್ತು. ನಂಬ್ರಿ, ಇಲ್ಲಾ ಬಿಡ್ರಿ.

ಸೈಕಲ್ಲಿಗೆ ಸಾಣಿಕಲ್ಲು ಕಟಗೊಂಡು ಊರೂರು ತಿರುಗಿ ಈಳಿಗಿ, ಕುಡಗೋಲು ಮಸೀತಿದ್ದ. ಆದ್ರ ರಾಯಚೂರಿನ ಹಳೇ ಸಾಮಾನಿನ ಅಂಗಡಿಯವರು ಸೈತ ತುಕ್ಕು ಹಿಡದ ಕತ್ತಿ, ಚಾಕು ತಂದು ಅವನ ಮುಂದ ಕುಂದರತಿದ್ರು.

"ಹಿಡಿ ತೋರಸಬ್ಯಾಡ, ಅದನ್ನ ಯಾರರ ಆಮ್ಯಾಲ ಹಾಕಿರತಾರ. ಅಲಗು ತೋರಸು" ಅಂತಿದ್ದ. ಮೂಸಿ, ಉಗುರಿಲೆ ಬಡದು, ಕಿವಿಗೆ ಹಿಡದು "ಇದು ನೇಪಾಳದ್ದು, ಇದು ಕೊಡಗಿಂದು" ಅಂದುಬಿಡತಿದ್ದ.

ದೇವದುರ್ಗದ ನಮ್ಮ ಸಾಲ್ಯಾಗ ಹಳೇ ವಸ್ತುಗಳ ಪ್ರದರ್ಶನ ಇಟ್ಟಿದ್ರು. ನಿಜಾಮನ ಕಾಲದಿಂದ ನಮ್ಮ ಮನ್ಯಾಗಿದ್ದ ಜಂಬಿಯಾ, ಅಂದ್ರ ಅರಬರು ನಡದಾಗ ಸಿಗಸ್ಕೊಳ್ಳೋ ಡೊಂಕು ಚಾಕು, ಒಯ್ದು ಚೀಟಿ ಅಂಟಿಸಿದೆ: "ಅರಬ್ ದೇಶದ್ದು. ನಮ್ಮ ಮುತ್ಯಾ ಯುದ್ಧದಾಗ ಕಸಗೊಂಡದ್ದು." ಖರೇ ಅಂದ್ರ ನಮ್ಮ ಮುತ್ಯಾ ಕುರ್ಡಿ ಹಳ್ಳಿ ದಾಟಿ ಹೋದಾವಲ್ಲ.

ಹೆಡ್ ಮಾಸ್ತರಿಗೆ ಸಂಶಯ ಬಂದು ಸಾಣಿ ತಾತನ್ನ ಕರಸಿದ್ರು. "ಸುಳ್ಳಾತಂದ್ರ ಎಲ್ಲಾರ ಮುಂದ ನೂರು ಬಸ್ಕಿ ಹೊಡೀಬೇಕು ಮಗನ" ಅಂದ್ರು. ನಾನು ಆವಾಗ್ಲೇ ಮನಸಿನ್ಯಾಗ ಬಸ್ಕಿ ಎಣಸಾಕತ್ತಿದ್ದೆ.

ತಾತ ಅಲಗಿನ ಮ್ಯಾಲ ಬೊಟ್ಟು ಎಳದ. "ಯುದ್ಧ ಮಾಡೇದಲೇ ಇದು, ಉಳ್ಳಾಗಡ್ಡಿ ಕೂಡ. ನೋಡು, ಒಂದ ಕಡಿ ಸವದದ."

ಹಂಚು ಹಾರೋಹಂಗ ಸಾಲಿ ನಕ್ಕಿತು. ತಾತ ಮಾತ್ರ ನಗಲಿಲ್ಲ. ಅರ್ಧ ಲಿಂಬಿಹಣ್ಣು ತಗೊಂಡು ಅಲಗಿಗೆ ಸಾವಕಾಶ ತಿಕ್ಕಿದ. ಬೆಳ್ಳಗಿದ್ದ ಅಲಗಿನ ಮ್ಯಾಲ ಒಂದೊಂದ ಕರಿ ಗೆರಿ ಎದ್ದು, ಕೃಷ್ಣಾ ನದಿ ಅಲಿ ಹಂಗ ಹರದಾಡಿದ್ವು. ಹಿಂದ ಕುಂತವರು ಬೆಂಚಿನ ಮ್ಯಾಲ ಹತ್ತಿ ನೋಡಿದ್ರು. ಇದನ್ನ ಉಬ್ಬಿಸಿ ಹೇಳಾಕತ್ತಿಲ್ರೀ.

"ಆಕಾರ ಅರಬರದು, ಉಕ್ಕು ನಮ್ಮ ಕಡಿದು. ಇದರ ಸಲುವಾಗಿ ಅರಬರು ಹಡಗ ತಗೊಂಡು ಬರತಿದ್ರಲೇ. ನಮ್ಮದು ಅನ್ನಾಕ ನಿನಗ್ಯಾಕ ನಾಚಿಗಿ?" ಅಂತ ತಾತ ನನಗ ಕೇಳಿದ.

"ಯಾವ ಊರಾಗ ಮಾಡಿದ್ದು?" ಮಾಸ್ತರು ಕೇಳಿದ್ರು.

"ಗೊತ್ತಿಲ್ರೀ."

ಇಡೀ ಸಾಲಿ ಅವನ ಬಾಯಿ ನೋಡಾಕತ್ತಿತ್ತು. ನಾನಾಗಿದ್ರ ಐದು ಊರಿನ ಹೆಸರು ಹೇಳಿ, ಕಮ್ಮಾರನ ಹೇಣತಿ ಹೆಸರೂ ಹೇಳತಿದ್ದೆ. ಅವ ಗೊತ್ತಿಲ್ಲ ಅಂದವನ ಆರಾಮ ಕೈ ಒರಸ್ಕೊಂಡ. ನಾನು ಅವನ್ನ ನೋಡಕೋತ ಬಸ್ಕಿ ಹೊಡಿಯೋದ ಮರತು ನಿಂತೆ. ಮಾಸ್ತರು ಮರೀಲಿಲ್ಲ.

ಹೋದ ತಿಂಗಳು ತಾತ ತೀರಿಕೊಂಡ. ಅವನ ಊರು ಮಟಮಾರ್ಯಾಗ ಮಣ್ಣಿಗೆ ಹೋಗಿದ್ದೆ. ಹಿರ್ಯಾರೊಬ್ಬರು, "ಎಷ್ಟು ವಯಸ್ಸಾಗಿತ್ತೋ ತಮ್ಮಾ?" ಅಂದ್ರು.

ನೂರಾ ಇಪ್ಪತ್ತು ಅಂತ ನಾಲಿಗಿ ತುದಿಗೆ ಬಂದಿತ್ತು.

"ಗೊತ್ತಿಲ್ರೀ" ಅಂದೆ.