ಅತ್ತೆಯನ್ನು ಹುಲ್ಲಿನ ಮೇಲೆ ಇಳಿಸಿದ ದಿನ

ಸಾವ್ಕಾರ್ರು ವಿಮಾನ ಕೊಂಡರು. ಅದರೊಳಗೆ ಕೂರಲು ತಮಗೆ ಹೆದರಿಕೆ ಅನ್ನುವುದು ಅವರಿಗೆ ಕೊಂಡ ಮೇಲೆ ಗೊತ್ತಾಯಿತು.

ಅವರ ವಿಮಾನ ಹಾರಿಸುವ ಕೆಲಸಕ್ಕೆ ನಾನು ಹೇಗೆ ಸೇರಿಕೊಂಡೆ ಅನ್ನುವುದನ್ನು ಮೊದಲು ಹೇಳಬೇಕು. ನಾನು ಗುಂಡ್ಲುಪೇಟೆಯವಳು. ಅಪ್ಪ ಹೆದ್ದಾರಿ ಪಕ್ಕದಲ್ಲಿ ಲಾರಿಯವರಿಗೆ ಊಟದ ಹೋಟೆಲು ಇಟ್ಟಿದ್ದರು. ನಾನು ಟೀಚರ್ ಆಗುತ್ತೇನೆ ಅಂತ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದರು. ಆದೆ ಕೂಡ, ಆದರೆ ಕಲಿಸುವುದು ವಿಮಾನ ಹಾರಿಸುವುದನ್ನು. ಮದುವೆಯಾಗಿ ಚಾಮರಾಜನಗರ ಸೇರಿದೆ. ಬೆಳಿಗ್ಗೆ ರೈಲು ಹತ್ತಿ ಮೈಸೂರಿಗೆ ಹೋಗಿ, ಅಲ್ಲಿನ ಹುಡುಗರಿಗೆ ಹಾರುವುದನ್ನು ಹೇಳಿಕೊಟ್ಟು, ಸಂಜೆ ಅದೇ ರೈಲಿನಲ್ಲಿ ವಾಪಸ್ಸು ಬಂದು ಅನ್ನಕ್ಕಿಡುತ್ತೇನೆ. ರೈಲಿನಲ್ಲಿ ಎರಡೂ ಹೊತ್ತು ನಿಂತೇ ಬರಬೇಕು. ಮೇಲೆ ಹೋದಾಗ ಮಾತ್ರ ಕೂರಲು ಸೀಟು.

ಸಾವ್ಕಾರ್ರು ಮೈಸೂರಿನಲ್ಲಿ ದೊಡ್ಡ ಕಟ್ಟಡಗಳ ಕಂಟ್ರಾಕ್ಟರು. ತೆರಕಣಾಂಬಿಯ ಆಚೆ ಅವರಿಗೆ ಅರಿಶಿನದ ಹೊಲವೂ ಬಾಳೆ ತೋಟವೂ ಇದ್ದವು. ಅದರ ನಡುವೆ ಒಂದು ಪಟ್ಟಿ ಜಮೀನನ್ನು ಮಟ್ಟ ಮಾಡಿಸಿ, ಹುಲ್ಲು ಬೆಳೆಸಿ, ಎಲ್ಲಿಂದ ತರಬೇಕೋ ಅಲ್ಲಿಂದ ಅನುಮತಿ ತಂದು, ಯಾರೋ ಓಡಿಸಿ ಬಿಟ್ಟಿದ್ದ ಎರಡು ಸೀಟಿನ ವಿಮಾನವೊಂದನ್ನು ಕೊಂಡಿದ್ದರು. ಅದನ್ನು ನಾನು ಪಾಠ ಹೇಳುವ ಮೈಸೂರಿನ ವಿಮಾನ ನಿಲ್ದಾಣದಲ್ಲೇ ನಿಲ್ಲಿಸಿ, ಭಾನುವಾರಗಳಲ್ಲಿ ಹಾರಿಸಿಕೊಡಿ ಅಂತ ನನ್ನನ್ನು ಕೇಳಿದರು. ನಾನು ಮೊದಲು ಹೋಗಿ ಆ ಹುಲ್ಲಿನ ಪಟ್ಟಿಯನ್ನು ಈ ತುದಿಯಿಂದ ಆ ತುದಿಗೆ ನಡೆದು ನೋಡಿದೆ. ಗಿಡ್ಡ. ಒಂದು ತುದಿಯಲ್ಲಿ ಕತ್ತಾಳೆ ಬೇಲಿ, ಇನ್ನೊಂದು ತುದಿ ದಾಟಿದರೆ ಹಳ್ಳ. ಇಳಿಯಬಹುದು, ಆದರೆ ನಿಧಾನವಾಗಿ ಬಂದು ಬೇಲಿ ದಾಟಿದ ಕೂಡಲೇ ಗಾಲಿ ಊರಬೇಕು, ವಿಮಾನದಲ್ಲಿ ಭಾರ ಕಮ್ಮಿ ಇರಬೇಕು ಅಂತ ಹೇಳಿದೆ. ಭಾರ ಅನ್ನುವಾಗ ನನ್ನ ಕಣ್ಣು ಸಾವ್ಕಾರ್ರ ಹೊಟ್ಟೆಯ ಮೇಲೆ ಹೋಯಿತು. ಅವರು ಅದನ್ನು ಸ್ವಲ್ಪ ಒಳಗೆಳೆದುಕೊಂಡರು.

ಅರಿಶಿನ ಬೇಯಿಸುವ ಕಾಲದ ಒಂದು ಭಾನುವಾರ ಆ ಪಟ್ಟಿಯ ಉದ್ಘಾಟನೆ ಅಂತ ಗೊತ್ತುಮಾಡಿದರು. ಸಾವ್ಕಾರ್ರು ತಮ್ಮ ವಿಮಾನದಲ್ಲಿ ತಮ್ಮ ಹೊಲಕ್ಕೆ ಇಳಿಯುವುದನ್ನು ನೋಡಲು ಊರೂರಿನ ಮುಖಂಡರಿಗೆಲ್ಲ ಹೇಳಿ ಕಳಿಸಿದ್ದರು. ಅವತ್ತು ನಮ್ಮತ್ತೆಯೂ ನನ್ನ ಜೊತೆ ಮೈಸೂರಿಗೆ ಬಂದರು. ಅವರ ತಂಗಿಯ ಮನೆ ಸಾವ್ಕಾರ್ರ ತೋಟದ ಪಕ್ಕದ ಊರಲ್ಲಿ. ಸಾವ್ಕಾರ್ರ ಕಾರು ಹೇಗೂ ಖಾಲಿ ಹೋಗುತ್ತದೆ, ಅದರಲ್ಲಿ ಕಳಿಸಿಕೊಡು, ಹಾಗೇ ನೀನು ಅದೇನು ಓಡಿಸುತ್ತೀಯೋ ಅದನ್ನೂ ಒಂದು ಸಲ ನೋಡಿದ ಹಾಗಾಯಿತು ಅಂದಿದ್ದರು. ಕೈಯಲ್ಲಿ ಒಂದು ಬ್ಯಾಗು, ಕಂಕುಳಲ್ಲಿ ಒಂದು ಹಲಸಿನಕಾಯಿ.

ಸಾವ್ಕಾರ್ರು ಬಿಳಿ ಪಂಚೆ, ಬಿಳಿ ಅಂಗಿ, ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ವಿಮಾನದ ಬಾಗಿಲು ಹಿಡಿದು ಒಂದು ಕಾಲು ಮೇಲಿಟ್ಟರು. ಅಲ್ಲೇ ನಿಂತರು. ಒಳಗೆ ನೋಡಿದರು, ನನ್ನನ್ನು ನೋಡಿದರು, ಆಕಾಶ ನೋಡಿದರು. ಆಮೇಲೆ ಕಾಲು ಕೆಳಗಿಟ್ಟು, ಬಂದವರನ್ನು ಎದುರುಗೊಳ್ಳಲು ಮನೆ ಯಜಮಾನ ಮೊದಲೇ ಅಲ್ಲಿರಬೇಕಲ್ಲವಾ ಮೇಡಂ, ನಾನು ಕಾರಲ್ಲಿ ಹೋಗಿರುತ್ತೇನೆ, ನೀವು ಮೇಲಿಂದ ಬನ್ನಿ ಅಂದರು. ಅವರ ಹಣೆ ಬೆವತು ಕನ್ನಡಕ ಜಾರುತ್ತಿತ್ತು. ನಿಜ ಹೇಳಬೇಕೆಂದರೆ, ಅಷ್ಟು ಭಾರ ಇಳಿಯಿತಲ್ಲ ಅಂತ ನನಗೇ ಹಗುರಾಯಿತು.

ಕಾರಿನಲ್ಲಿ ನೀವೂ ಹೋಗಿ ಅತ್ತೆ ಅಂದೆ. ಅತ್ತೆ ಖಾಲಿ ಸೀಟನ್ನೇ ನೋಡುತ್ತಿದ್ದರು.

"ಆವಯ್ಯ ದಾರಿಯುದ್ದಕ್ಕೂ ಬೆವರ್ತಾ ಕೂತಿರ್ತನ," ಅಂದರು. "ನಾ ನಿನ್ ಪಕ್ಕದಲ್ಲೇ ಬತ್ತಿನಿ ಕಣವ್ವ."

ನಿಲ್ದಾಣದ ಕಾಗದದಲ್ಲಿ ಸಾವ್ಕಾರ್ರ ಹೆಸರು ಹೊಡೆದುಹಾಕಿಸಿ ಅತ್ತೆಯ ಹೆಸರು ಬರೆಸಿ, ಅವರನ್ನು ತಪಾಸಣೆ ಮಾಡಿಸಿ ಬರುವಷ್ಟರಲ್ಲಿ ಕಾರು ನಂಜನಗೂಡು ದಾಟಿರಬೇಕು. ಹಲಸಿನಕಾಯಿಯ ಬಗ್ಗೆ ದೊಡ್ಡ ವಾದವೇ ಆಯಿತು. ಅಷ್ಟು ಭಾರ ಆಗುವುದಿಲ್ಲ ಅಂತ ನಾನು, ತಂಗಿಯ ಮನೆಗೆ ಬರಿಗೈಲಿ ಹೋಗಲಾ ಅಂತ ಅವರು. ಕೊನೆಗೆ ಹಲಸಿನಕಾಯಿ ನಿಲ್ದಾಣದ ಕಾವಲಿನವನ ಪಾಲಾಯಿತು. ಬ್ಯಾಗು ಮಾತ್ರ ಬಿಡಲಿಲ್ಲ. ಅದರಲ್ಲಿ ಕಜ್ಜಾಯ ಇತ್ತು, ನಾನೂ ಜಾಸ್ತಿ ಒತ್ತಾಯ ಮಾಡಲಿಲ್ಲ.

ಮೇಲೇರಿದಾಗ ಅತ್ತೆ ಹೆದರುತ್ತಾರೆ ಅಂದುಕೊಂಡಿದ್ದೆ. ಅವರು ಕಿಟಕಿಗೆ ಮೂಗು ಒತ್ತಿ, ನಂಜನಗೂಡಿನ ಹೊಳೆ ಇಷ್ಟೇನಾ ಅಂದರು. ಬೇಗೂರು ಬಂದಾಗ ಯಾರದೋ ಮನೆಯ ಮೇಲೆ ಒಣಹಾಕಿದ್ದ ಬಟ್ಟೆ ನೋಡಿ, ನಿನ್ನೆಯದಿರಬೇಕು, ಇನ್ನೂ ತೆಗೆದಿಲ್ಲ ಅಂತ ಬೇಸರ ಮಾಡಿಕೊಂಡರು. ದೂರದಲ್ಲಿ ಗುಂಡ್ಲುಪೇಟೆ ಮಾರ್ಕೆಟ್ಟಿನ ಮುಂದೆ ಈರುಳ್ಳಿ ಲಾರಿಗಳು ಸಾಲಾಗಿ ನಿಂತಿದ್ದವು. ನಮ್ಮಪ್ಪನ ಹೋಟೆಲಿನ ಜಾಗ ತೋರಿಸಿದೆ. ಅಲ್ಲಿನ ಸಾರಿಗೆ ಹುಳಿ ಜಾಸ್ತಿ ಅಂದರು. ಮದುವೆಯಾದಾಗಿನಿಂದ ಅದನ್ನು ನೆಲದ ಮೇಲೆ ಕೇಳಿದ್ದೆ, ಅವತ್ತು ಆಕಾಶದಲ್ಲೂ ಕೇಳಿದೆ.

ಎಡಕ್ಕೆ ತಿರುಗಿ ಸಾವ್ಕಾರ್ರ ತೋಟ ಕಂಡಾಗ ಮೊದಲು ಗಾಳಿ ಯಾವ ಕಡೆಯಿಂದ ಅಂತ ನೋಡಿದೆ. ಗಾಳಿ ತೋರಿಸಲಿ ಅಂತ ಕಂಬಕ್ಕೆ ಕಟ್ಟಲು ಒಂದು ಬಟ್ಟೆಯ ಚೀಲ ಕೊಟ್ಟಿದ್ದೆ. ತೋಟದ ಮೇಸ್ತ್ರಿ ಅದನ್ನು ಬಿಸಿಲಿಗೆ ಬಣ್ಣ ಹೋಗದಿರಲಿ ಅಂತ ಷೆಡ್ಡಿನ ಮರೆಯಲ್ಲಿ ಕಟ್ಟಿದ್ದ. ಅದು ಸತ್ತ ಬಾವಲಿಯ ಹಾಗೆ ಜೋತುಬಿದ್ದಿತ್ತು. ಪುಣ್ಯಕ್ಕೆ ಪಕ್ಕದ ಹೊಲದಲ್ಲಿ ಅರಿಶಿನ ಬೇಯಿಸುತ್ತಿದ್ದರು. ಒಲೆಯ ಹೊಗೆ ಪಶ್ಚಿಮಕ್ಕೆ ವಾಲಿತ್ತು. ಹಾಗಾದರೆ ಗಾಳಿ ಮೂಡಲಿಂದ. ಗಾಳಿಗೆ ಎದುರಾಗಿ, ಕತ್ತಾಳೆ ಬೇಲಿಯ ಮೇಲಿಂದ ಬಂದು ಹಳ್ಳದ ಕಡೆ ಮುಖ ಮಾಡಿ ಇಳಿಯಬೇಕು.

ರೆಕ್ಕೆಯ ಹಿಂದಿನ ಹಲಗೆಗಳನ್ನು ಪೂರ್ತಿ ಕೆಳಗಿಳಿಸಿ, ವೇಗ ತಗ್ಗಿಸಿ ಬೇಲಿಯ ಹತ್ತಿರ ಬಂದೆ. ಆಗ ಕಂಡಿತು. ಹುಲ್ಲಿನ ಪಟ್ಟಿಯ ಆ ತುದಿಯಲ್ಲಿ, ಪಟ್ಟಿಯ ಮೇಲೇ, ಕೆಂಪು ಹಳದಿ ಶಾಮಿಯಾನ. ಅದರಡಿ ಸಾಲು ಸಾಲು ಕುರ್ಚಿ, ಕುರ್ಚಿ ತುಂಬ ಜನ. ಮದುವೆ ಮನೆಗೆ ಗಂಡಿನ ಕಾರು ಬಂದು ನಿಲ್ಲುವ ಹಾಗೆ ವಿಮಾನ ಬಂದು ವೇದಿಕೆಯ ಮುಂದೆ ನಿಲ್ಲಲಿ ಅನ್ನುವುದು ಮೇಸ್ತ್ರಿಯ ಏರ್ಪಾಡು. ಮೊದಲೇ ಗಿಡ್ಡ ಇದ್ದದ್ದು ಇನ್ನೂ ಗಿಡ್ಡವಾಗಿತ್ತು. ಪೂರ್ತಿ ಎಂಜಿನ್ ಕೊಟ್ಟು ಮೇಲೆದ್ದೆ. ಶಾಮಿಯಾನದ ಮೇಲೆ ಹಾದು ಹೋಗುವಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು.

ಇನ್ನೊಂದು ಸುತ್ತು ಹಾಕಿ, ಇಳಿಯುವ ಯೋಚನೆಯಿಲ್ಲದೆ ಪಟ್ಟಿಯ ಪಕ್ಕದಲ್ಲೇ ಹಾದೆ. ಜಾಗ ಬಿಡಿ ಅಂತ ಕೈ ಬೀಸಿದೆ. ಕೆಳಗಿದ್ದವರೂ ಕೈ ಬೀಸಿದರು. ಅತ್ತೆ ತಮ್ಮ ಕಡೆಯ ಕಿಟಕಿ ತೆಗೆದು, ಗಾಳಿಯಲ್ಲಿ ಸೆರಗು ಹಾರುತ್ತಿದ್ದರೂ ಬಿಡದೆ, ಕೆಳಗಿನವರಿಗೆ ಏನೋ ಬೈದರು. ಎಂಜಿನ್ನಿನ ಸದ್ದಿನಲ್ಲಿ ನನಗೂ ಕೇಳಲಿಲ್ಲ, ಅವರಿಗಂತೂ ಕೇಳಿರಲಾರದು. ಆದರೆ ಅತ್ತೆಯ ಕೈಯ ವರಸೆ ನೋಡಿ ಇದು ನಮಸ್ಕಾರವಲ್ಲ ಅಂತ ಯಾರಿಗೋ ಹೊಳೆದಿರಬೇಕು. ಒಂದಿಬ್ಬರು ಕುರ್ಚಿ ಬಿಟ್ಟು ಅತ್ತಿತ್ತ ಓಡಾಡಲು ಶುರು ಮಾಡಿದರು.

ಮೇಲೆ ಸುತ್ತುತ್ತಾ ನಾನು ಲೆಕ್ಕ ಹಾಕುತ್ತಿದ್ದೆ. ಅನುಮಾನ ಬಂದರೆ ಇಳಿಯಬೇಡಿ, ಹೊರಟಲ್ಲಿಗೆ ಹೋಗಿ ಅಂತ ಹುಡುಗರಿಗೆ ದಿನಾ ಹೇಳುವವಳು ನಾನು. ಅದೇ ನನಗೆ ಬಂದಾಗ, ಅಷ್ಟು ಜನ ಕಾಯುತ್ತಿದ್ದಾರೆ, ಸಾವ್ಕಾರ್ರ ಮುಖ ಏನಾಗುತ್ತದೆ, ಹೆಂಗಸು ಓಡಿಸಿದ್ದಕ್ಕೆ ಹೀಗಾಯಿತು ಅಂತ ಆಡಿಕೊಳ್ಳುತ್ತಾರೆ ಅಂತೆಲ್ಲ ತಲೆಯಲ್ಲಿ ಓಡುತ್ತಿತ್ತು. ಕುರ್ಚಿಗಳ ಮುಂದೆಯೇ ನಿಲ್ಲಿಸಿಬಿಡುತ್ತೇನೆ ಅನ್ನುವ ಹುಚ್ಚೂ ಒಂದು ಗಳಿಗೆ ಬಂತು. ಅತ್ತೆ ಕಿಟಕಿ ಮುಚ್ಚಿ ನನ್ನ ಮುಖ ನೋಡಿದರು. ತಂಗಿಯ ಮನೆ ಕಣ್ಣೆದುರಿಗೇ ಇರುವಾಗ ಇಳಿಸು ಅಂತ ಹಟ ಮಾಡುತ್ತಾರೆ ಅಂದುಕೊಂಡೆ.

"ವಾಪಸ್ ಓಗನ ಬುಡವ್ವ," ಅಂದರು. "ಅವುನ್ ಮರ್ವಾದ ಉಳ್ಸಕ್ಕ ನಾವ್ಯಾಕ ಕಯ್ಯಿ ಕಾಲು ಮುರ್ಕಳನ?"

ಅದನ್ನು ಕೇಳಿದ್ದೇ ನನ್ನ ಹುಚ್ಚು ಬಿಟ್ಟಿತು. ಸರಿ ಅತ್ತೆ, ಹೋಗೋಣ ಅಂದೆ, ನಿಜಕ್ಕೂ ವಿಮಾನದ ಮೂಗು ಮೈಸೂರಿನ ಕಡೆ ತಿರುಗಿಸಿದೆ. ತಿರುಗುವಾಗ ರೆಕ್ಕೆ ಓರೆಯಾಗಿ ಕೆಳಗಿನ ಪಟ್ಟಿ ಕಂಡಿತು, ಶಾಮಿಯಾನದ ಹಗ್ಗ ಬಿಚ್ಚುತ್ತಿದ್ದರು. ನೋಡುತ್ತಿದ್ದಂತೆ ಅದು ದೋಸೆ ಮಗುಚಿದ ಹಾಗೆ ಕುರ್ಚಿಗಳ ಮೇಲೆ ಮಲಗಿತು. ಅದರಡಿಯಿಂದ ಒಬ್ಬರು ತೆವಳಿಕೊಂಡು ಬಂದರು, ಪಂಚಾಯ್ತಿ ಸದಸ್ಯರು ಅಂತ ಆಮೇಲೆ ಗೊತ್ತಾಯಿತು. ನಾನು ಅವಸರ ಮಾಡಲಿಲ್ಲ. ಕುರ್ಚಿಗಳು ಹೋಗುವ ತನಕ, ಬಟ್ಟೆ ಮಡಚಿ ಎಳೆದುಕೊಂಡು ಹೋಗುವ ತನಕ, ಜನರೆಲ್ಲ ಬಾಳೆ ತೋಟದ ಅಂಚಿಗೆ ಸರಿಯುವ ತನಕ ಸುತ್ತು ಹಾಕಿದೆ. ಆಮೇಲೆ ಬಂದೆ.

ಬೇಲಿ ಗಾಲಿಗೆ ತಾಕುತ್ತದೇನೋ ಅನ್ನುವಷ್ಟು ಹತ್ತಿರದಲ್ಲಿ ಕೆಳಗೆ ಹಾದುಹೋಯಿತು. ಎಂಜಿನ್ ಪೂರ್ತಿ ತಗ್ಗಿಸಿ ಮೂಗು ಎತ್ತಿ ಹಿಡಿದೆ. ವೇಗ ತೀರಾ ಕಮ್ಮಿಯಾದಾಗ ಕೂಗುವ ಪೀಪಿ ಒಂದಿದೆ, ಅದು ಹಾಲಿಗಾಗಿ ಅಳುವ ಕರುವಿನ ಹಾಗೆ ಕೂಗಿತು. ಗಾಲಿ ನೆಲ ಮುಟ್ಟಿತು. ಉತ್ತ ಹೊಲದ ಹಳೇ ಸಾಲುಗಳು ಹುಲ್ಲಿನಡಿ ಹಾಗೇ ಇದ್ದವು, ಟ್ರ್ಯಾಕ್ಟರಿನಲ್ಲಿ ಕೂತ ಹಾಗೆ ಕುಲುಕಿತು. ಬ್ರೇಕ್ ಒತ್ತಿದೆ. ಜಾರಿತು. ಫೋಟೋದಲ್ಲಿ ಹಸಿರಾಗಿ ಕಾಣಲಿ ಅಂತ ಮೇಸ್ತ್ರಿ ಬೆಳಿಗ್ಗೆಯಿಂದ ಹುಲ್ಲಿಗೆ ನೀರು ಬಿಟ್ಟಿದ್ದ. ಬ್ರೇಕ್ ಬಿಟ್ಟು, ಒತ್ತಿ, ಬಿಟ್ಟು, ಒತ್ತಿ, ಅವನ ಮನೆತನವನ್ನೆಲ್ಲ ಮನಸ್ಸಿನಲ್ಲಿ ನೆನೆಸಿಕೊಂಡೆ. ಶಾಮಿಯಾನದ ಗೂಟಗಳಿದ್ದ ತೂತುಗಳನ್ನು ದಾಟಿ, ಹಳ್ಳ ಇನ್ನೂ ಸ್ವಲ್ಪ ದೂರ ಇರುವಾಗ ನಿಂತಿತು. ಶಾಮಿಯಾನ ಅಲ್ಲೇ ಇದ್ದಿದ್ದರೆ ವೇದಿಕೆಯ ಮುಂದೆ ಅಲ್ಲ, ಮೇಲೆ ನಿಂತಿರುತ್ತಿದ್ದೆ.

ಎಂಜಿನ್ ಆರಿಸಿದೆ. ಆಮೇಲೂ ಬ್ರೇಕ್ ಒತ್ತಿಕೊಂಡೇ ಕೂತಿದ್ದೆ. ಅತ್ತೆ ಬ್ಯಾಗು ತೆಗೆದು ನನಗೊಂದು ಕಜ್ಜಾಯ ಕೊಟ್ಟರು, ತಾವೂ ಒಂದು ತಿಂದರು.

ಸಾವ್ಕಾರ್ರ ಕಾರು ಹೆದ್ದಾರಿಯಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡಿತ್ತು, ಇನ್ನೂ ಬಂದಿರಲಿಲ್ಲ. ಹಾರ ಹಿಡಿದು ನಿಂತವರಿಗೆ ಮೇಸ್ತ್ರಿ, ಮೇಡಂ ಪಕ್ಕದ ಸೀಟಿನಿಂದ ಇಳಿಯುವವರಿಗೆ ಹಾಕಿ ಅಂತ ಮಾತ್ರ ಹೇಳಿದ್ದನಂತೆ. ಹಾಗಾಗಿ ಅತ್ತೆಗೆ ಹಾಕಿದರು. ಮೈಸೂರು ಪೇಟವನ್ನೂ ಇಟ್ಟರು. ಎರಡು ಮಾತಾಡಿ ಅಮ್ಮಾ ಅಂತ ಮೈಕು ಕೊಟ್ಟರು. ಅತ್ತೆ ಪೇಟ ಸರಿ ಮಾಡಿಕೊಂಡು, ತಮ್ಮ ತಂಗಿಯ ಊರಿಗೆ ತಿರುಗುವ ಗೇಟಿನಲ್ಲಿ ಸಾಯಂಕಾಲದ ಬಸ್ಸು ಕೈ ತೋರಿಸಿದರೂ ನಿಲ್ಲಿಸುವುದಿಲ್ಲ, ಅದನ್ನು ವಿಚಾರಿಸುವವರು ಇಲ್ಲಿ ಯಾರಾದರೂ ಇದ್ದೀರಾ ಅಂತ ಕೇಳಿದರು. ಅವತ್ತಿನ ಭಾಷಣಗಳಲ್ಲಿ ಜನ ಮನಸಾರೆ ಚಪ್ಪಾಳೆ ಹೊಡೆದದ್ದು ಅದಕ್ಕೊಂದಕ್ಕೇ.

ಸಾವ್ಕಾರ್ರು ಬಂದ ಮೇಲೆ ಇನ್ನೊಂದು ಹಾರ ತರಿಸಿದರು. ನಿಂತ ವಿಮಾನದ ಬಾಗಿಲಲ್ಲಿ ಅವರನ್ನು ನಿಲ್ಲಿಸಿ ಫೋಟೋ ತೆಗೆದರು. ಊಟ ಮುಗಿದು ಜನ ಕರಗಿದ ಮೇಲೆ ನನ್ನನ್ನು ಬಾಳೆ ಗಿಡಗಳ ಕಡೆ ಕರೆದುಕೊಂಡು ಹೋಗಿ, ಅತ್ತಿತ್ತ ನೋಡಿ, ತಗ್ಗಿದ ದನಿಯಲ್ಲಿ ಕೇಳಿದರು.

"ಮೇಡಂ, ಹೆದರಿಕೆ ಹೋಗಕ್ಕೆ ಮಾತ್ರೆ ಏನಾದ್ರೂ ಸಿಕ್ತದ?"

ನಗು ಬಂತು, ಆದರೆ ಅವರ ಮುಖ ನೋಡಿ ನುಂಗಿಕೊಂಡೆ. ಎಂಜಿನ್ ಆರಿದ ಮೇಲೂ ಬ್ರೇಕ್ ಒತ್ತಿಕೊಂಡು ಕೂತಿದ್ದವಳು ನಾನು. ಮಾತ್ರೆ ಇಲ್ಲ ಸಾರ್ ಅಂದೆ. ಆದರೆ ಹೆದರಿಕೆ ಹೋದರೂ ನಿಮ್ಮನ್ನು ಕೂರಿಸಿಕೊಂಡು ನಾನು ಇಲ್ಲಿ ಇಳಿಯುವುದಿಲ್ಲ, ಇಲ್ಲಿಂದ ಏರುವುದೂ ಇಲ್ಲ, ನಿಮ್ಮ ತೂಕಕ್ಕೆ ಈ ಪಟ್ಟಿ ಸಾಲುವುದಿಲ್ಲ ಅಂತ ಹೇಳಿದೆ. ಅದು ನಿಜವೇ, ಅತ್ತೆಯ ಭಾರಕ್ಕೇ ವಿಮಾನ ಎಷ್ಟು ದೂರ ಓಡಿತು ಅಂತ ಅವತ್ತು ಕಂಡಿದ್ದೆ. ಸಾವ್ಕಾರ್ರು ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡರು. ಆಮೇಲೆ ಅವರ ಮುಖದಲ್ಲಿ ಅರಳಿದ ಸಂತೋಷವನ್ನು ನಾನು ಪರೀಕ್ಷೆ ಪಾಸಾದ ಹುಡುಗರಲ್ಲೂ ಕಂಡಿಲ್ಲ. ಅವತ್ತಿನಿಂದ ಅವರು ಕಂಡಕಂಡವರಿಗೆಲ್ಲ, ನನಗೇನೋ ಹಾರುವ ಆಸೆ, ಮೇಡಂ ಬೇಡ ಅಂದುಬಿಟ್ಟರು ಅಂತ ಹೇಳಿಕೊಂಡು ಓಡಾಡುತ್ತಿದ್ದಾರೆ. ವಿಮಾನ ಮಾತ್ರ ಮಾರಿಲ್ಲ. ಭಾನುವಾರ ನಿಲ್ದಾಣಕ್ಕೆ ಬಂದು, ಅದನ್ನು ಒರೆಸಿ, ನಾನು ಹಾರಿ ಹೋಗುವುದನ್ನು ನೋಡಿ ಮನೆಗೆ ಹೋಗುತ್ತಾರೆ.

ಅವತ್ತು ಸಂಜೆ ಹುಲ್ಲು ಒಣಗಿದ ಮೇಲೆ ನಾನೊಬ್ಬಳೇ ಹೊರಟೆ. ಒಬ್ಬಳ ಭಾರಕ್ಕೆ ವಿಮಾನ ಅರ್ಧ ಪಟ್ಟಿಯಲ್ಲೇ ನೆಲ ಬಿಟ್ಟಿತು. ಪಕ್ಕದ ಊರಿನ ಮೇಲೆ ಬಂದಾಗ ಒಂದು ಹಿತ್ತಿಲಲ್ಲಿ ಇಬ್ಬರು ಮುದುಕಿಯರು ಕಂಡರು. ಒಬ್ಬರ ತಲೆಯ ಮೇಲೆ ಇನ್ನೂ ಪೇಟ ಇತ್ತು. ಅವರು ಮೇಲೆ ನೋಡಲಿಲ್ಲ, ಮಾತಿನಲ್ಲಿದ್ದರು.