ಗೋಂದಮ್ಮ ಅಂಟಿಸಿದ ಕಂಬ

ಮಕ್ಕಳು ಅವಳನ್ನು ಗೋಂದಮ್ಮ ಎನ್ನುತ್ತಿದ್ದರು. ಕಟ್ಟಡಗಳ ನಕ್ಷೆ ಬರೆಯುವ ಆಫೀಸಿನಲ್ಲಿ ರಟ್ಟಿನ ಮಾದರಿ ಮಾಡುವುದು ಅವಳ ಕೆಲಸ. ಬೆರಳ ತುದಿಯಲ್ಲಿ ಸದಾ ಒಣಗಿದ ಗೋಂದು. ಊರಿನ ಎಷ್ಟೋ ಕಟ್ಟಡಗಳನ್ನು ಅವು ಹುಟ್ಟುವ ಮೊದಲೇ ಅಂಗೈಯಲ್ಲಿ ಹೊತ್ತು ತಿರುಗಿದವಳು; ಆದರೂ ಮಹಾ ಪುಕ್ಕಲಿ. ಬಾಗಿಲು ಧಡಾರೆಂದರೆ ಸಾಕು, ಎದೆ ಹಿಡಿದುಕೊಳ್ಳುವಳು. "ನನ್ನ ಹೆಂಡ್ತಿ ನೆಲವನ್ನ ವಿಚಾರಿಸಿಕೊಂಡೇ ಕಾಲಿಡೋದು" ಎಂದು ಗಂಡ ರೇಗಿಸುತ್ತಿದ್ದ.

ಪ್ರತಿ ಭಾನುವಾರ ಬೆಳಿಗ್ಗೆ, ಸೋಫಾ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ಅವಳು ಮಕ್ಕಳಿಗೆ ಕಟ್ಟಡಗಳನ್ನು ನೋಡಲು ಕಲಿಸುತ್ತಿದ್ದಳು. ಕಿಟಕಿ ಯಾಕೆ ಇಷ್ಟೆತ್ತರ, ಮೆಟ್ಟಿಲು ಯಾಕೆ ಇಷ್ಟಗಲ, ಮೂಲೆಯಲ್ಲಿ ಕೂತರೆ ಯಾಕೆ ಹಾಯೆನಿಸುತ್ತದೆ, ಇಂಥವೇ ಪಾಠ. ನಿಯಮ ಒಂದೇ: ಕಣ್ಣಾರೆ ಕಂಡದ್ದನ್ನೇ ಕಟ್ಟಬೇಕು.

ಹೋದ ವಾರ ಮಕ್ಕಳೆಲ್ಲ ಸೇರಿ ತಾವು ಕೂತಿದ್ದ ಕಟ್ಟಡವನ್ನೇ ರಟ್ಟಿನಲ್ಲಿ ಕಟ್ಟಿದ್ದರು. ಮೇಲ್ಮಹಡಿಯಲ್ಲಿ ತಮ್ಮನ್ನೇ ಹೋಲುವ ಜೇಡಿಮಣ್ಣಿನ ಗೊಂಬೆಗಳನ್ನು ಕೂರಿಸಿದ್ದರು. ಕೆಳಗಿನ ಅಂಗಡಿಯ ಭಾಗ ಮೊಂಡಿಯ ಪಾಲಿಗೆ ಬಂದಿತ್ತು. ಮೊಂಡಿ ಅಂಗಡಿಯವನ ಮಗಳು, ಎರಡು ಜಡೆಯ ಹುಡುಗಿ. ಹಿಡಿದ ಹಟ ಬಿಡದವಳೆಂದು ಅಪ್ಪನೇ ಇಟ್ಟ ಹೆಸರು ಅದು. ಗೊಂಬೆಗಳ ಭಾರಕ್ಕೆ ಅವಳ ಅಂಗಡಿಯ ಮೇಲಿನ ರಟ್ಟು ಬಾಗುತ್ತಿತ್ತು.

"ನಡುವಿನ ಕಂಬಾನೇ ಮರೆತುಬಿಟ್ಟಿದ್ದೀಯಲ್ಲೇ!" ಎಂದು ನಕ್ಕಳು ಗೋಂದಮ್ಮ.

"ಅಲ್ಲಿ ಕಂಬ ಇಲ್ಲ."

"ಇದೆ ಪುಟ್ಟಿ. ಈ ಕಟ್ಟಡದ ಮಾದರಿ ಮಾಡಿದವಳೇ ನಾನು." ತಾನೇ ಒಂದು ಕಂಬ ಕತ್ತರಿಸಿ ಅಂಟಿಸಿಬಿಟ್ಟಳು. ಮೊಂಡಿ ಮುಖ ಊದಿಸಿಕೊಂಡು ಹೋದಳು.

ಈ ವಾರ ಬಂದವಳೇ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಇವತ್ತೂ ನೋಡ್ಕೊಂಡು ಬಂದೆ. ಕಂಬ ಇಲ್ಲ. ಮೊದ್ಲು ಇತ್ತು, ಅಪ್ಪ ಒಡೆಸಿ ತೆಗೆಸಿದ್ರು."

ಗೋಂದಮ್ಮ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟಳು. ಇಳಿದು ಹೋಗಿ ನೋಡಿದಳು. ಕಂಬವಿರಬೇಕಾದ ಜಾಗದಲ್ಲಿ ಕೆಂಪು ಸೋಫಾವೊಂದು ಠೀವಿಯಿಂದ ಕೂತಿತ್ತು. ಮೇಲೆ ಚಾವಣಿಯಲ್ಲಿ, ಹೊಸದಾಗಿ ಬಳಿದ ಬಿಳಿ ಬಣ್ಣವನ್ನು ಸೀಳಿಕೊಂಡು ಬಿರುಕು ಗೋಡೆಯತ್ತ ಹೊರಟಿತ್ತು.

"ಜಾಗ ವಿಶಾಲ ಆಯ್ತಲ್ವಾ ಅಕ್ಕಾ?" ಎಂದ ಅಂಗಡಿಯವ.

"ಮೊದ್ಲು ಹೊರಗೆ ನಡೀರಿ."

"ಇಷ್ಟು ಕಂಬದಲ್ಲಿ ಒಂದು ಹೋದ್ರೆ ಆಕಾಶ ಕಳಚಿ ಬೀಳುತ್ತಾ?" ಅವನು ನಕ್ಕ.

ಅಷ್ಟರಲ್ಲಿ ಮೇಲೆ ಮಕ್ಕಳು ಕುಣಿಯುವ ಸದ್ದು ಕೇಳಿಸಿತು. ತಾನು "ಓಡಿ" ಎಂದು ಕೂಗಿದರೆ ಅಷ್ಟೂ ಕಾಲುಗಳು ಒಟ್ಟಿಗೇ ನೆಲವನ್ನು ಗುದ್ದುತ್ತವೆ. ಮೆಟ್ಟಿಲು ಹತ್ತಿ, ಇಲ್ಲದ ನಗುವನ್ನು ಮುಖಕ್ಕೆ ತಂದುಕೊಂಡು, ಪಿಸುದನಿಯಲ್ಲಿ ಹೇಳಿದಳು: "ಕಟ್ಟಡಕ್ಕೆ ನಿದ್ದೆ ಬಂದಿದೆ. ಎಬ್ಬಿಸದೆ ಒಬ್ಬೊಬ್ಬರೇ ಗೋಡೆ ಪಕ್ಕದಲ್ಲೇ ಹೊರಗೆ ಹೋಗ್ಬೇಕು. ಸದ್ದು ಮಾಡಿದವರು ಔಟ್."

ಮಕ್ಕಳು ಬೆಕ್ಕಿನ ಹೆಜ್ಜೆಯಿಟ್ಟು ಇಳಿದರು. ನಡುವೆ ಒಬ್ಬನಿಗೆ ಸೀನು ಬಂತು. ಗೋಂದಮ್ಮ ಕಣ್ಣು ಮುಚ್ಚಿಕೊಂಡಳು. ಏನೂ ಆಗಲಿಲ್ಲ.

ರಸ್ತೆಯಾಚೆ ನಿಲ್ಲಿಸಿ ಎಣಿಸಿದರೆ ಮೊಂಡಿ ಇಲ್ಲ.

ಅಂಗಡಿಯ ಗಾಜಿನ ಹಿಂದೆ, ಕೆಂಪು ಸೋಫಾದ ಪಕ್ಕದಲ್ಲೇ ನಿಂತಿದ್ದಳು ಹುಡುಗಿ, ರಟ್ಟಿನ ಕಟ್ಟಡವನ್ನು ಎದೆಗೆ ಅವುಚಿಕೊಂಡು. ಒಳಗೆ ಹೋಗಲು ಗೋಂದಮ್ಮನಿಗೆ ಭಯ. ಸಾಯುವ ಭಯ; ಅದರಲ್ಲಿ ಮುಚ್ಚುಮರೆ ಏನು ಬಂತು? ಆದರೂ ಹೋದಳು.

"ಬಾ ಪುಟ್ಟಿ."

"ಮೊದ್ಲು ಹೇಳಿ. ಕಂಬ ಇದೆಯಾ?"

ಮೇಲಿಂದ ಸುಣ್ಣದ ಪುಡಿ ಸೋಫಾದ ಮೇಲೆ ಉದುರಿತು.

"ಇಲ್ಲ ಕಣೇ, ಇಲ್ಲ! ನೀನು ಕಟ್ಟಿದ್ದೇ ಸರಿ. ನಾನು ನೋಡದೇನೇ ಅಂಟಿಸಿಬಿಟ್ಟೆ."

ಆಗ ಮೊಂಡಿ ಅವಳ ಕೈ ಹಿಡಿದು ಹೊರಬಂದಳು. ಪುಡಿ ಉದುರಿದ್ದು ಕಂಡ ಅಂಗಡಿಯವನೂ ಅವರ ಬೆನ್ನಿಗೇ ಹೊರಬಿದ್ದ. ರಸ್ತೆ ದಾಟಿದ ಮೇಲೆ ಮತ್ತೆ ಅವನ ಬಾಯಿ ಜೋರಾಯಿತು. "ಸುಮ್ನೆ ಮಕ್ಕಳನ್ನ ಹೆದರಿಸ್ತೀರಲ್ಲ! ನೋಡಿ, ಗಟ್ಟಿಯಾಗಿ ನಿಂತೇ ಇದೆ."

ಮೊಂಡಿ ಮಾದರಿಯನ್ನು ಫುಟ್‌ಪಾತಿನ ಮೇಲಿಟ್ಟಳು. "ಈಗ ನಿಮ್ಮ ಕಂಬ ತೆಗೀರಿ."

ಗೋಂದಮ್ಮ ಅದನ್ನು ಕಿತ್ತಳು. ರಟ್ಟು ಮೆಲ್ಲಗೆ ಬಾಗಿತು, ಆಮೇಲೆ ನಡುವೆ ಮುರಿಯಿತು. ಗೊಂಬೆಗಳೆಲ್ಲ ಜಾರಿ ಒಂದರ ಮೇಲೊಂದು ಕೆಳಗಿನ ಅಂಗಡಿಯೊಳಗೆ ಬಿದ್ದವು.

ಅಂಗಡಿಯವ ಬಗ್ಗಿ ನೋಡಿದ. ಎಲ್ಲಕ್ಕಿಂತ ಅಡಿಯಲ್ಲಿ ಎರಡು ಜಡೆಯ ಗೊಂಬೆಯಿತ್ತು. ಅವನು ಅಲ್ಲೇ ಮಂಡಿಯೂರಿ ಕೂತು, ಉಳಿದವನ್ನೆಲ್ಲ ಒಂದೊಂದಾಗಿ ಎತ್ತಿಟ್ಟು, ಅದನ್ನು ಹೊರಗೆ ತೆಗೆಯತೊಡಗಿದ.